ಪಬ್ಬಿನ ಭಾನುವಾರದ ಊಟಕ್ಕೆ ಹನ್ನೆರಡು ಗಂಟೆಯ ಟೇಬಲ್ಲೇ ಸರಿ

ಇಂಗ್ಲೆಂಡಿನಲ್ಲಿ ಇರುವವರು ಮಕ್ಕಳನ್ನೂ, ಊರಿಂದ ಬಂದ ಅಪ್ಪ ಅಮ್ಮನನ್ನೂ ಕರಕೊಂಡು ಭಾನುವಾರ ಗ್ಯಾಸ್ಟ್ರೋಪಬ್ಬಿಗೆ (ಕುಡಿತದಷ್ಟೇ ಒಳ್ಳೆ ಊಟಕ್ಕೂ ಗಮನ ಕೊಡುವ ಪಬ್ಬು) ಊಟಕ್ಕೆ ಹೋಗುವುದಿದ್ದರೆ ಹನ್ನೆರಡು ಗಂಟೆಗೆ ಟೇಬಲ್ ಹಿಡಿಯಿರಿ. ಎರಡೂವರೆ, ಮೂರು ಬೇಡ. ಅದೇ ಅಡುಗೆಮನೆ, ಅದೇ ದುಡ್ಡು. ತಟ್ಟೆಗೆ ಬರುವ ಊಟ ಮಾತ್ರ ಬೇರೆ.

ಪಬ್ ಅಂದರೆ ಕುಡಿಯುವ ಜಾಗ ಅನ್ನುವ ಅಳುಕು ಹಿರಿಯರಿಗೆ ಇರುತ್ತೆ. ಆದರೆ 1991ರಲ್ಲಿ ಮೈಕೇಲ್ ಬೆಲ್ಬೆನ್ ಮತ್ತು ಡೇವಿಡ್ ಐರ್ ಲಂಡನ್ನಿನ ಫ್ಯಾರಿಂಗ್ಡನ್‌ನಲ್ಲಿ ‘ದಿ ಈಗಲ್’ ಪಬ್ಬನ್ನು ಹಿಡಿದು ಊಟವನ್ನು ಮುಂದೆ ತಂದರು. ಗ್ಯಾಸ್ಟ್ರೋಪಬ್ ಅನ್ನುವ ಮಾತು ಬಳಕೆಗೆ ಬಂದದ್ದು ಅಲ್ಲಿಂದ. ಭಾನುವಾರ ಮಧ್ಯಾಹ್ನ ಇಂಥ ಕಡೆ ಅಜ್ಜಿ ತಾತ, ಮೊಮ್ಮಕ್ಕಳು ಎಲ್ಲ ಇರುತ್ತಾರೆ. ಧೈರ್ಯವಾಗಿ ಕರಕೊಂಡು ಹೋಗಿ.

ಹನ್ನೆರಡೇ ಯಾಕೆ ಅಂದರೆ, ಸಂಡೇ ರೋಸ್ಟಿನ (ಓವನ್‌ನಲ್ಲಿ ಹುರಿದ ಮಾಂಸ, ಆಲೂಗಡ್ಡೆ, ತರಕಾರಿ ಇರುವ ಭಾನುವಾರದ ಊಟ) ಮುಖ್ಯ ಭಾಗಗಳು ನಮ್ಮ ಪೂರಿಯ ಜಾತಿ. ಕಾಯುವುದಿಲ್ಲ. ಯಾರ್ಕ್‌ಶೈರ್ ಪುಡಿಂಗನ್ನೇ ನೋಡಿ, ಹೆಸರು ಪುಡಿಂಗ್ ಆದರೂ ಸಿಹಿಯಲ್ಲ, ಮಾಂಸದ ಜೊತೆ ಬರುವ ಉಬ್ಬಿದ ಹಿಟ್ಟಿನ ಬಟ್ಟಲು. ಮೊಟ್ಟೆ, ಮೈದಾ, ಹಾಲು ಮೂರೂ ಲೋಟದ ಅಳತೆಯಲ್ಲಿ ಸಮ, ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಮಂದ. ಅರ್ಧ ಗಂಟೆ ಬಿಟ್ಟು, 220 ಡಿಗ್ರಿ ಓವನ್‌ನಲ್ಲಿ ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಸುರಿಯಬೇಕು. ಸುರಿದಾಗ ಚುಂಯ್ ಅನ್ನದಿದ್ದರೆ ಅದು ಏಳುವುದಿಲ್ಲ, ತಳಕ್ಕೆ ಅಂಟಿ ಕೂರುತ್ತೆ. ಆಮೇಲೆ 20 ನಿಮಿಷ ಓವನ್ ಬಾಗಿಲು ತೆಗೆಯುವಂತಿಲ್ಲ. ಹಿಟ್ಟನ್ನು ಉಬ್ಬಿಸಿ ಹಿಡಿದಿರುವುದು ಒಳಗಿನ ಹಬೆ. ಸುತ್ತಲ ಗೋಡೆ ಗಟ್ಟಿಯಾಗುವ ಮೊದಲೇ ತಣ್ಣನೆ ಗಾಳಿ ತಾಗಿದರೆ ಕುಸಿದುಬೀಳುತ್ತೆ. ಬೆಳಗ್ಗೆಯೇ ಮಾಡಿ ಪೇರಿಸಿಟ್ಟು ಮತ್ತೆ ಬಿಸಿ ಮಾಡಿದ್ದು ಕೈಗೆ ಸಿಕ್ಕ ತಕ್ಷಣ ಗೊತ್ತಾಗುತ್ತೆ: ಅಂಚು ರಸ್ಕು, ತಳ ಎಳೆದರೆ ಹರಿಯದಷ್ಟು ಜಿಗುಟು.

ಆಲೂಗಡ್ಡೆಯ ಕಥೆಯೂ ಹಾಗೇ. ಮಾರಿಸ್ ಪೈಪರ್ ಅಥವಾ ಕಿಂಗ್ ಎಡ್ವರ್ಡ್ ತಳಿ ಆಗಬೇಕು. ಉಪ್ಪುನೀರಿನಲ್ಲಿ 8–10 ನಿಮಿಷ ಬೇಯಿಸಿ, ಬಸಿದು, ಹಬೆ ಆರಲು ಬಿಟ್ಟು, ಪಾತ್ರೆಯಲ್ಲೇ ಕುಲುಕಿ ಮೈ ತರಕಲು ಮಾಡಿ, ಕಾದ ಕೊಬ್ಬಿಗೆ ಬಿಡಿಬಿಡಿಯಾಗಿ ಹಾಕಿ ಸುಮಾರು ಒಂದು ಗಂಟೆ ಓವನ್‌ನಲ್ಲಿಡಬೇಕು. ಆ ತರಕಲೇ ಮುಂದೆ ಗರಿಗರಿ ಆಗುವುದು. ಇಕ್ಕಟ್ಟಾಗಿ ತುಂಬಿದರೆ ಹುರಿಯುವ ಬದಲು ಬೇಯುತ್ತೆ. ಚೆನ್ನಾಗಿ ಬಂದದ್ದನ್ನೂ ಮುಚ್ಚಿಟ್ಟರೆ ಒಳಗಿನ ಹಬೆ ಹೊರಬಂದು ಮೇಲ್ಪದರವನ್ನು ಮೆತ್ತಗೆ ಮಾಡುತ್ತೆ. ಗೋಮಾಂಸದ ದೊಡ್ಡ ತುಂಡನ್ನು ಓವನ್‌ನಿಂದ ತೆಗೆದು 20–30 ನಿಮಿಷ ಸುಮ್ಮನೆ ಬಿಟ್ಟು ಕೊಯ್ದರೆ ರಸ ಒಳಗೇ ನಿಲ್ಲುತ್ತೆ. ಮೂರು ಗಂಟೆವರೆಗೆ ಬಿಸಿಯಲ್ಲೇ ಇಟ್ಟರೆ ಬೇಯುತ್ತಲೇ ಹೋಗಿ ನಡುವಿನ ಗುಲಾಬಿ ಬಣ್ಣ ಬೂದಿಗೆ ತಿರುಗುತ್ತೆ.

ಇನ್ನು ‘ಸ್ಥಳೀಯ, ಋತುಮಾನದ ಅಡುಗೆ’. ಕರಿಹಲಗೆಯ ಮೇಲೆ ಯಾರು ಬೇಕಾದರೂ ಬರೆಯಬಹುದು. ಮಾಂಸದ ಸಾಲು ಬಿಟ್ಟು ತರಕಾರಿಯ ಸಾಲು ಓದಿ, ನಿಜ ಅಲ್ಲಿರುತ್ತೆ. ಇಂಗ್ಲಿಷ್ ಆಸ್ಪರಾಗಸ್‌ನ (ಎಳೆ ಚಿಗುರಿನ ತರಕಾರಿ) ಕಾಲ ರೂಢಿಯಲ್ಲಿ ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದಿಂದ ಜೂನ್ 21ರ ಆಸುಪಾಸಿನವರೆಗೆ. ಅಕ್ಟೋಬರಿನಲ್ಲಿ ಅದು ತಟ್ಟೆಯಲ್ಲಿದ್ದರೆ ಹೆಚ್ಚಾಗಿ ದೂರದೇಶದಿಂದ ಬಂದದ್ದು. ಚಳಿಗಾಲದಲ್ಲಿ ಪಾರ್ಸ್ನಿಪ್ ಇರಬೇಕು. ನೋಡಲು ಬಿಳಿ ಕ್ಯಾರೆಟ್ಟಿನ ಹಾಗಿರುವ ಈ ಗಡ್ಡೆಗೆ ಹಿಮದ ಚಳಿ ತಾಗಿದ ಮೇಲೆ ಪಿಷ್ಟ ಸಕ್ಕರೆಯಾಗಿ ಸಿಹಿ ಏರುತ್ತೆ. ಇಬ್ಬನಿ ಬಿದ್ದ ಮೇಲೆ ಅವರೆಕಾಯಿಗೆ ಸೊಗಡು ಬರುತ್ತೆ ಅಂತ ಹಳೇ ಮೈಸೂರಿನ ಕಡೆ ಹೇಳುತ್ತಾರಲ್ಲ, ಆ ಮಾತು ಬಲ್ಲವರಿಗೆ ಪಾರ್ಸ್ನಿಪ್ಪಿನ ಕಾಲ ವಿವರಿಸಬೇಕಿಲ್ಲ. ಕುರಿಮರಿ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಅಲ್ಲಿ ಮರಿಗಳು ಹೆಚ್ಚಾಗಿ ಹುಟ್ಟುವುದೇ ವಸಂತದಲ್ಲಿ, ಆದ್ದರಿಂದ ಈಸ್ಟರ್ ಹೊತ್ತಿಗೆ ಹುಲ್ಲು ಮೇಯ್ದು ಬಲಿತ ಆ ವರ್ಷದ ಮರಿ ಸಿಗುವುದಿಲ್ಲ. ಸ್ಥಳೀಯ ಮರಿಮಾಂಸ ಬೇಕಾದರೆ ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ತಿನ್ನಿ.

ಸಸ್ಯಾಹಾರಿಗಳು ಮನೆಯಲ್ಲಿದ್ದರೆ ಟೇಬಲ್ ಕಾದಿರಿಸುವಾಗಲೇ ಮಾತಾಡಿ. ಊಟಕ್ಕೆ ಕೂತ ಮೇಲೆ ಕೇಳಿದರೆ ತಡವಾಯಿತು, ಅಷ್ಟೊತ್ತಿಗೆ ಆಲೂಗಡ್ಡೆ ಕೊಬ್ಬಿಗೆ ಬಿದ್ದಾಗಿರುತ್ತೆ. ‘ವೆಜಿಟೇರಿಯನ್ ಇದೆಯಾ’ ಅಂದರೆ ‘ಇದೆ, ನಟ್ ರೋಸ್ಟ್’ (ಗೋಡಂಬಿಯಂಥ ಬೀಜಗಳನ್ನು ಕುಟ್ಟಿ ಓವನ್‌ನಲ್ಲಿ ಬೇಯಿಸಿದ್ದು) ಅನ್ನುತ್ತಾರೆ, ಪ್ರಶ್ನೆ ಅಲ್ಲಿಗೆ ಮುಗಿಯಬಾರದು. ಆಲೂಗಡ್ಡೆ, ಪಾರ್ಸ್ನಿಪ್ ಹುರಿದದ್ದು ಎಣ್ಣೆಯಲ್ಲೋ, ದನದ ಅಥವಾ ಬಾತಿನ ಕೊಬ್ಬಿನಲ್ಲೋ? ಗ್ರೇವಿ ಮೂಳೆ ಬೇಯಿಸಿದ ನೀರಿನದೋ, ತರಕಾರಿಯದೋ? ಬ್ರಸೆಲ್ಸ್ ಸ್ಪ್ರೌಟ್ಸ್‌ಗೆ (ಪುಟ್ಟ ಎಲೆಕೋಸಿನಂಥ ತರಕಾರಿ) ಬೇಕನ್, ಅಂದರೆ ಹಂದಿಮಾಂಸ, ಹಾಕಿದ್ದಾರಾ? ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ, ಒಳ್ಳೆ ಅಡುಗೆಮನೆಯವರು ನೇರವಾಗಿ ಉತ್ತರಿಸುತ್ತಾರೆ. ಯಾರ್ಕ್‌ಶೈರ್ ಪುಡಿಂಗಿನಲ್ಲಿ ಮೊಟ್ಟೆ ಇದ್ದೇ ಇರುತ್ತೆ, ಮುಟ್ಟದವರಿಗೆ ಮೊದಲೇ ಹೇಳಿಬಿಡಿ. ಅವರಿಗೆ ಸಿಹಿಗೆ ಕ್ರಂಬಲ್ ಆಗುತ್ತೆ, ಸಾಮಾನ್ಯವಾಗಿ ಅದರಲ್ಲಿ ಹಣ್ಣು, ಮೈದಾ, ಬೆಣ್ಣೆ, ಸಕ್ಕರೆ ಅಷ್ಟೇ. ಜನವರಿಯಿಂದ ಮಾರ್ಚ್‌ವರೆಗೆ ವೇಕ್‌ಫೀಲ್ಡ್ ಕಡೆಯ ಕತ್ತಲ ಕೊಟ್ಟಿಗೆಗಳಲ್ಲಿ ಬೆಳೆಸಿ, ಮೇಣದ ಬತ್ತಿ ಬೆಳಕಲ್ಲಿ ಕೀಳುವ ಗುಲಾಬಿ ರೂಬಾರ್ಬ್ ಎಂಬ ಹುಳಿ ದಂಟಿನದಾದರೆ ಬಿಡಬೇಡಿ. ಮೇಲೆ ಹಾಕುವ ಕಸ್ಟರ್ಡ್ ಮಾತ್ರ ಕೇಳಿ ಹಾಕಿಸಿಕೊಳ್ಳಿ, ಅಡುಗೆಮನೆಯಲ್ಲೇ ಕಾಸಿದ್ದಾದರೆ ಮೊಟ್ಟೆಯ ಹಳದಿ ಇರುತ್ತೆ.