ರಾಯದುರ್ಗಕ್ಕೆ ಹೊರಟ ಹನ್ನೆರಡು ಬಂಡಲ್

ಬಳ್ಳಾರಿಯಿಂದ ಆಂಧ್ರದ ರಾಯದುರ್ಗಕ್ಕೆ ಹೆಚ್ಚೆಂದರೆ 50-55 ಕಿಲೋಮೀಟರ್. ಬೆಳಿಗ್ಗೆ ಟಿಫಿನ್ ಮುಗಿಸಿ ಹೊರಟ ಗಾಡಿ ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್ ಬಂದಿರುತ್ತದೆ. ಕಳೆದ ದಸರಾಕ್ಕೆ ಮುಂಚೆ ನನ್ನದೊಂದು ಟಾಟಾ ಏಸ್ ಮಾಲು ಅದೇ ದಾರಿಯಲ್ಲಿ ಹೋಗಿ ತಲುಪೋಕೆ ನಾಲ್ಕು ದಿನ ಹಿಡಿಯಿತು. ತಪ್ಪು ನನ್ನದೂ ಇತ್ತು, ಮೊದಲೇ ಹೇಳಿಬಿಡುತ್ತೇನೆ. ಆದರೆ ತಪ್ಪಿಗಿಂತ ಜಾಸ್ತಿ ತಲೆ ಕೆಡಿಸಿದ್ದು ಬೇರೆ ಒಂದು ವಿಷಯ.

ನಮ್ಮದು ಸಣ್ಣ ಜೀನ್ಸ್ ಯೂನಿಟ್. ಬಟ್ಟೆ ತರಿಸಿ ಕಟಿಂಗ್ ಇಲ್ಲೇ ಮಾಡುತ್ತೇವೆ. ಹೊಲಿಗೆ ಸ್ವಲ್ಪ ಇಲ್ಲಿ, ಸ್ವಲ್ಪ ರಾಯದುರ್ಗದಲ್ಲಿ. ಹೊಲಿದು ಬಂದ ಮೇಲೆ ವಾಷಿಂಗ್ ಮತ್ತೆ ಬಳ್ಳಾರಿಯಲ್ಲಿ. ರಾಯದುರ್ಗದಲ್ಲಿ ನಮಗೆ ಹೊಲಿದು ಕೊಡುವವರು ಒಂದು ಮನೆಯವರು. ಗಂಡ, ಹೆಂಡತಿ, ಜೊತೆಗೆ ಐದಾರು ಜನ ಕೆಲಸದವರು. ಮನೆ ಮುಂದಿನ ಶೀಟ್ ಹಾಕಿದ ಪಡಸಾಲೆಯಲ್ಲಿ ಎಂಟು ಮಷೀನು. ಅಪ್ಪನ ಕಾಲದಿಂದಲೂ ಅವರ ಜೊತೆ ವ್ಯವಹಾರ. ಅಲ್ಲಿ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮಲ್ಲೂ ಅಷ್ಟೇ.

ಆ ದಿನ ಹೋಗಿದ್ದು 240 ಪ್ಯಾಂಟಿನ ಕಟಿಂಗ್. ಇಪ್ಪತ್ತು ಇಪ್ಪತ್ತರಂತೆ ಹನ್ನೆರಡು ಬಂಡಲ್, ಮೇಲೆ ಸೀಮೆಸುಣ್ಣದಲ್ಲಿ ನಂಬರ್. ಚಲನ್‌ನಲ್ಲಿ ಬರೆದ ಬೆಲೆ 37,440 ರೂಪಾಯಿ. ಇದೇ ಬಂಡಲ್‌ಗಳನ್ನು ಹೊಸಪೇಟೆಗೆ ಕಳಿಸಿದ್ದರೆ ಮೂರು ಪ್ರತಿಯ ಒಂದು ಚಲನ್ ಬರೆದರೆ ಮುಗಿಯಿತು. ಹೊಸಪೇಟೆ ದೂರವೇ ಜಾಸ್ತಿ. 50,000 ರೂಪಾಯಿ ದಾಟದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಬಿಲ್) ಬೇಡ ಅಂತ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇವೆ ಅಲ್ವಾ? ಅದಕ್ಕೊಂದು ಬಾಲವಿದೆ. ಜಾಬ್ ವರ್ಕ್‌ಗೆ, ಅಂದರೆ ಹೀಗೆ ಕೆಲಸ ಮಾಡಿಸಿಕೊಂಡು ವಾಪಸ್ ತರಿಸಲು ಅಂತ ಬೇರೆ ರಾಜ್ಯಕ್ಕೆ ಮಾಲು ಕಳಿಸಿದರೆ ಬೆಲೆ ಎಷ್ಟೇ ಇರಲಿ, ಇ-ವೇ ಬಿಲ್ ಬೇಕೇ ಬೇಕು. ನೂರು ರೂಪಾಯಿಯ ಜೇಬಿನ ಬಟ್ಟೆ ಕಳಿಸಿದರೂ ಬೇಕು. ನಿಯಮದಲ್ಲಿ ಬರೆದಿರುವುದು ಹೋಗುವ ಮಾಲಿನ ಬಗ್ಗೆ. ಆದರೆ ಬರುವಾಗ ಯಾರು ನಿಲ್ಲಿಸುತ್ತಾರೋ ಅನ್ನೋ ಹೆದರಿಕೆಗೆ ವಾಪಸ್ ಬರುವ ಪ್ಯಾಂಟಿಗೂ ಬಿಲ್ ಮಾಡುತ್ತೇವೆ.

ಸರಿ, ಅವತ್ತು ಬಿಲ್ ಮಾಡಿದ್ದೆವು. ಗಾಡಿ ನಂಬರ್ ಪಾರ್ಟ್ ಬಿ-ಯಲ್ಲಿ, ಅಂದರೆ ಬಿಲ್ಲಿನ ಗಾಡಿ ವಿವರದ ಭಾಗದಲ್ಲಿ, ಸರಿಯಾಗಿಯೇ ಇತ್ತು. ಶನಿವಾರ ಬೆಳಿಗ್ಗೆ ಗಾಡಿ ಹೊರಟಿತು. ಓಬಳಾಪುರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕ್ಲಚ್ ಪ್ಲೇಟ್ ಕೈಕೊಟ್ಟಿತು. ಡ್ರೈವರ್ ಬುದ್ಧಿವಂತ. ರಾಯದುರ್ಗದ ಕಡೆ ಖಾಲಿ ಹೊರಟಿದ್ದ ಇನ್ನೊಂದು ಏಸ್ ನಿಲ್ಲಿಸಿ, ಬಂಡಲ್ ಎಲ್ಲ ಅದಕ್ಕೆ ಹಾಕಿಸಿ, ತಾನೂ ಹತ್ತಿ ಕೂತ. ಯಾರೇ ಆಗಲಿ ಮಾಡುವ ಕೆಲಸವೇ ಅದು. ಆದರೆ ಗಾಡಿ ಬದಲಾದರೆ ಪಾರ್ಟ್ ಬಿ ಬದಲಾಯಿಸಬೇಕು, ಆಮೇಲೆ ಗಾಡಿ ಕದಲಬೇಕು. ಅವನು ನನಗೆ ಫೋನ್ ಮಾಡಿದ. ನಾನು ಕೊಪ್ಪಳದಲ್ಲಿ ಮದುವೆ ಊಟದ ಪಂಕ್ತಿಯಲ್ಲಿದ್ದೆ. ಫೋನ್ ಹೆಂಡತಿಯ ಬ್ಯಾಗಿನಲ್ಲಿತ್ತು, ಬ್ಯಾಗು ಛತ್ರದ ಮೇಲಿನ ರೂಮಿನಲ್ಲಿತ್ತು.

ನಮ್ಮ ಲೆಕ್ಕದ ಹುಡುಗ ಅಂಗಡಿಯಲ್ಲೇ ಇದ್ದ. ಅವನಿಗೆ ಪಾಸ್‌ವರ್ಡ್ ಗೊತ್ತು. ಆದರೆ 2025ರ ಏಪ್ರಿಲ್‌ನಿಂದ ಪಾಸ್‌ವರ್ಡ್ ಒಂದೇ ಸಾಲದು, ಎಲ್ಲರಿಗೂ ಓಟಿಪಿ ಕಡ್ಡಾಯ. ಓಟಿಪಿ ಬರುವುದು ನನ್ನ ನಂಬರಿಗೆ. ಅವನು ಕಳಿಸುತ್ತಾ ಹೋದ, ಅದು ಬ್ಯಾಗಿನೊಳಗೆ ಬಂದು ಬಂದು ಸತ್ತುಹೋಗುತ್ತಿತ್ತು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಕೈ ತೊಳೆದು ಬಂದು ಫೋನ್ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ತಿರುಗಿ ಮಾಡಿದೆ. "ಅಣ್ಣಾ, ಗಾಡಿ ಹಿಡ್ಕೊಂಡಾರ" ಅಂದ ಡ್ರೈವರ್.

ಸಬ್ ಯೂಸರ್ ಮಾಡಿಕೊಂಡು ಹುಡುಗನ ನಂಬರಿಗೇ ಓಟಿಪಿ ಬರುವ ಹಾಗೆ ಮಾಡಬಹುದಂತೆ. ಇದು ನನಗೆ ಗೊತ್ತಾಗಿದ್ದು ದಂಡ ಕಟ್ಟಿದ ಮೇಲೆ.

ಸಂಜೆ ಅಲ್ಲಿಗೆ ಹೋದೆ. ತೆರಿಗೆ ಅಧಿಕಾರಿ ಒರಟಾಗಿ ಮಾತಾಡಲಿಲ್ಲ, ದುಡ್ಡನ್ನೂ ಕೇಳಲಿಲ್ಲ. ನಿಜ ಹೇಳಬೇಕಲ್ಲ. ಡ್ರೈವರ್ ಹೇಳಿಕೆಯ ಫಾರಂ ಆಗಲೇ ತುಂಬಿಸಿಕೊಂಡಿದ್ದರು. ಎಂಒವಿ-01. ಆಮೇಲೆ 02, 06, 07. ಒಂದೊಂದು ಹಂತಕ್ಕೆ ಒಂದೊಂದು ನಂಬರ್. ಅವನ ಸಹಿಯ ಪಕ್ಕ ನೀಲಿ ಹೆಬ್ಬೆರಳಿನ ಗುರುತು ಮೂಡಿತ್ತು. ಹೆಬ್ಬೆಟ್ಟು ಒತ್ತಿಸಿದ್ದಲ್ಲ. ಬಂಡಲ್ ಎತ್ತಿ ಇಳಿಸಿದ ಕೈಗೆ ಡೆನಿಮ್ ಬಣ್ಣ ಹತ್ತಿರುತ್ತದೆ, ಅದು ಹಾಗೇ ಕಾಗದಕ್ಕೂ ಇಳಿದಿತ್ತು. ಕೆಟ್ಟು ನಿಂತ ಗಾಡಿಯ ಫೋಟೋ ತೋರಿಸಿದೆ, ಮೆಕ್ಯಾನಿಕ್ ಜೊತೆ ಮಾತಾಡಿಸುತ್ತೇನೆ ಅಂದೆ. "ನನಗೆ ಅರ್ಥ ಆಗುತ್ತೆ, ಸಿಸ್ಟಂನಲ್ಲಿ ಬೇರೆ ಗಾಡಿ ತೋರಿಸ್ತಿದೆಯಲ್ಲ" ಅಂತ ತೆಲುಗಿನಲ್ಲಿ ಹೇಳಿದರು.

ಗಾಡಿ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಿದ್ದರೆ, ಪಿನ್ ಕೋಡ್ ಅಥವಾ ಹೆಸರಿನ ಕಾಗುಣಿತ ತಪ್ಪಿದ್ದರೆ, ಸಾವಿರ ರೂಪಾಯಿ ದಂಡ ಹಾಕಿ ಬಿಡಬೇಕು ಅಂತ 2018ರ ಸೆಪ್ಟೆಂಬರಿನ ಒಂದು ಸುತ್ತೋಲೆ ಇದೆ. ಕಾರಿನಲ್ಲಿ ಕೂತು ಅದನ್ನು ಹುಡುಕಿ ಓದಿದೆ. ನನ್ನದು ಅದರೊಳಗೆ ಬರುವುದಿಲ್ಲ. ಪೂರ್ತಿ ಗಾಡಿಯೇ ಬೇರೆ. ಹಾಗಾಗಿ ತೆರಿಗೆಯ ಎರಡು ಪಟ್ಟು ದಂಡ. 5% ಲೆಕ್ಕಕ್ಕೆ ತೆರಿಗೆ 1,872 ರೂಪಾಯಿ, ದಂಡ 3,744. ನಾನು ಮಾಲು ಮಾರಿಲ್ಲ, ಹೊಲಿಸಲು ಕಳಿಸಿದ್ದೇನೆ, ಇದರಲ್ಲಿ ತೆರಿಗೆ ಎಲ್ಲಿಂದ ಬಂತು ಅಂತ ಆಡಿಟರ್ ಹತ್ತಿರ ಜಗಳಕ್ಕೇ ನಿಂತೆ. ಅವರು ಸಮಾಧಾನವಾಗಿ ಹೇಳಿದರು: "ವಾದ ಸರಿ ಇದೆ. ಅಪೀಲು ಆಂಧ್ರದಲ್ಲೇ ಹಾಕಬೇಕು. ದಂಡದ ಒಂದು ಪಾಲು ಮೊದಲೇ ಕಟ್ಟಬೇಕು. ಮೇಲೆ ಅಲ್ಲಿಯ ವಕೀಲರ ಫೀಸು, ನಿಮ್ಮ ಓಡಾಟ. 3,744 ರೂಪಾಯಿಗೆ ಇಷ್ಟು ಬೇಕಾ?" ಸೋಮವಾರ ಕಟ್ಟಿದೆ. ಮಂಗಳವಾರ ಬಂಡಲ್ ಹೊಲಿಗೆಯವರ ಮನೆ ಸೇರಿದವು.

3,744 ದೊಡ್ಡ ಮೊತ್ತವಲ್ಲ. ಅಲ್ಲಿ ಎಂಟು ಮಷೀನು ಎರಡು ದಿನ ಸುಮ್ನೆ ನಿಂತವು. ಪೀಸ್ ರೇಟಿನ ಕೆಲಸ, ಪೀಸ್ ಇಲ್ಲ ಅಂದರೆ ಕೂಲಿ ಇಲ್ಲ. ಇಲ್ಲಿ ವಾಷಿಂಗ್‌ನವರು ನಮ್ಮ ಸರದಿ ಬೇರೆಯವರಿಗೆ ಕೊಟ್ಟರು. ಹಬ್ಬದ ಮಾಲು ಹಬ್ಬದ ಮೂರು ದಿನ ಮುಂಚೆ ಅಂಗಡಿಗೆ ಹೋದರೆ ಯಾರು ತಗೊಳ್ಳುತ್ತಾರೆ? ಆ ಲೆಕ್ಕ ಯಾವ ಎಂಒವಿ ಫಾರಂನಲ್ಲೂ ಇಲ್ಲ.

ಹಳೆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಸಿ ಫಾರಂ ಕಾಲ ನೋಡಿದವರು ಹಾಗೆ ಹೇಳಲ್ಲ. ಬೇರೆ ರಾಜ್ಯದ ವ್ಯಾಪಾರಿಗೆ ಮಾರಿದರೆ 2% ಕೇಂದ್ರ ಮಾರಾಟ ತೆರಿಗೆ. ಆದರೆ ಆ ವ್ಯಾಪಾರಿ ತನ್ನ ಕಚೇರಿಯಿಂದ ಸಿ ಫಾರಂ ತಂದುಕೊಡಬೇಕು. ಕೊಡದಿದ್ದರೆ ಪೂರ್ತಿ ರೇಟಿನ ತೆರಿಗೆ ಮಾರಿದವನ ತಲೆಗೆ. ಮಾಲು ಮಾರಿ, ದುಡ್ಡು ಬಂದು, ವರ್ಷ ಕಳೆದ ಮೇಲೂ ಅಪ್ಪ ಆದೋನಿಗೆ ಹೋಗುತ್ತಿದ್ದರು, ಒಂದು ಕಾಗದಕ್ಕಾಗಿ. ಬರಿಗೈಲಿ ಹೋದರೆ ಆಗುತ್ತಾ? ಅರ್ಧ ಕೆಜಿ ಸ್ವೀಟು ತಗೊಂಡು ಹೋಗುತ್ತಿದ್ದರು. ಗಡಿ ಚೆಕ್‌ಪೋಸ್ಟಿನ ಲಾರಿ ಸಾಲು, ಮುದ್ರೆ ಹಾಕಿಸಿಕೊಳ್ಳೋ ನೂಕಾಟ ಬೇರೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಚೆಕ್‌ಪೋಸ್ಟ್ ಎತ್ತಿದಾಗ ಅಪ್ಪ ಹಗುರಾಗಿದ್ದರು. "ಇನ್ನು ಆದೋನಿ, ರಾಯದುರ್ಗ ನಮ್ಮೂರೇ ಬಿಡು" ಅಂದಿದ್ದರು.

ನಮ್ಮೂರೇ ಆಗಿತ್ತು ಕೂಡ. ಆದೋನಿ, ಆಲೂರು, ರಾಯದುರ್ಗ ಎಲ್ಲ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳೇ. 1953ರ ಅಕ್ಟೋಬರ್ 1ರಂದು ಆ ಮೂರು ಆಂಧ್ರಕ್ಕೆ ಹೋದವು, ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಅದರ ಬಗ್ಗೆ ತಕರಾರು ಎತ್ತುತ್ತಿಲ್ಲ. ನಮ್ಮ ವ್ಯಾಪಾರ ಆ ಗೆರೆಗಿಂತ ಹಳೆಯದು, ಅಷ್ಟೇ.

ನನಗಿಂತ ಚಿಕ್ಕವರ ಪಾಡು ಇನ್ನೂ ಬಿಗಿ. ನಮ್ಮ ಬೀದಿಯಲ್ಲಿ ಮಕ್ಕಳ ಜೀನ್ಸ್ ಹೊಲಿಯುವ ಗೆಳೆಯನೊಬ್ಬ ಇದ್ದಾನೆ. ಕಾಂಪೊಸಿಷನ್‌ನಲ್ಲಿ, ಅಂದರೆ ಚಿಕ್ಕ ವ್ಯಾಪಾರಿಗಳಿಗೆ ಇರುವ ಜಿಎಸ್‌ಟಿಯ ಸರಳ ಪದ್ಧತಿಯಲ್ಲಿದ್ದಾನೆ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವ್ಯವಹಾರ ಮಾಡಬಹುದು, 1% ತೆರಿಗೆ, ಲೆಕ್ಕ ಹಗುರ. ಷರತ್ತು ಏನೆಂದರೆ, ರಾಜ್ಯದ ಹೊರಗೆ ಒಂದು ಚಡ್ಡಿಯನ್ನೂ ಮಾರುವ ಹಾಗಿಲ್ಲ. ಬೀದರ್‌ಗೆ ಕಳಿಸಬಹುದು, ಚಾಮರಾಜನಗರಕ್ಕೆ ಕಳಿಸಬಹುದು. ಪಕ್ಕದ ಆದೋನಿಗೆ ಕಳಿಸುವಂತಿಲ್ಲ. ಕಾಂಪೊಸಿಷನ್ ಕೂಡ ಬೇಡ, ಏನೂ ನೋಂದಣಿ ಇಲ್ಲದ ಮನೆಯವರನ್ನು ತಗೊಳ್ಳಿ. ಕರ್ನಾಟಕದೊಳಗೇ ಮಾಲು ಮಾರಿಕೊಂಡಿದ್ದರೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನಂಬರ್ ಬೇಡ. ಗಡಿ ದಾಟಿ ಮೊದಲ ಪಾರ್ಸಲ್ ಹೋಗುವ ಮುಂಚೆಯೇ ನಂಬರ್ ಬೇಕು. ಕರಕುಶಲ ವಸ್ತುಗಳಿಗೆ ಒಂದಿಷ್ಟು ವಿನಾಯಿತಿ ಇದೆ, ಜೀನ್ಸಿಗೆ ಎಲ್ಲಿಂದ ಬರಬೇಕು? 2023ರ ಅಕ್ಟೋಬರಿನಿಂದ ನಂಬರ್ ಇಲ್ಲದ ಚಿಕ್ಕವರೂ ಆನ್‌ಲೈನ್ ಮಾರಾಟದ ಕಂಪನಿಗಳ ಮೂಲಕ ಮಾರಬಹುದು ಅಂತ ಮಾಡಿದರು. ಖುಷಿಪಟ್ಟು ಓದುತ್ತಾ ಹೋದರೆ ಅಲ್ಲೂ ಅದೇ, ರಾಜ್ಯದೊಳಗೆ ಮಾತ್ರ. ಒಂದೇ ದೇಶ, ಒಂದೇ ತೆರಿಗೆ, ಒಂದೇ ಮಾರುಕಟ್ಟೆ ಅಂತ ಹೇಳಿದ್ದು ಇವರನ್ನು ಬಿಟ್ಟು ಉಳಿದವರಿಗೆ ಇರಬೇಕು.

ಇಲ್ಲಿ ಕೆಲವರು ಕೇಳುತ್ತಾರೆ, ಬಿಗಿ ಇಲ್ಲದಿದ್ದರೆ ಕಳ್ಳರು ಬಿಡುತ್ತಾರಾ ಅಂತ. ಬಿಡಲ್ಲ, ಗೊತ್ತು. ಒಂದೇ ಬಿಲ್ಲಿನಲ್ಲಿ ಮೂರು ಟ್ರಿಪ್ ಹೊಡೆಸುವವರನ್ನು ನಾನೂ ನೋಡಿದ್ದೇನೆ. ಆದರೆ ದೊಡ್ಡ ಮೋಸದವರ ಕಾಗದ ಯಾವಾಗಲೂ ಸರಿಯಾಗಿರುತ್ತದೆ. ಮಾಲೇ ಇಲ್ಲದೆ ಬಿಲ್ ಮಾತ್ರ ಓಡಿಸಿ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯ ವಜಾ) ಹೊಡೆಯುವವನ ಗಾಡಿಗೆ ಕ್ಲಚ್ ಪ್ಲೇಟ್ ಹೋಗೋ ಚಿಂತೆ ಇಲ್ಲ, ಗಾಡಿಯೇ ಇಲ್ಲವಲ್ಲ.

ನ್ಯಾಯ ಸಿಗುವುದೇ ಇಲ್ಲ ಅಂತಲೂ ಅಲ್ಲ. ಹೈದರಾಬಾದಿನ ಕಡೆಯ ಒಂದು ಪೇಪರ್ ವ್ಯಾಪಾರದ ಸಂಸ್ಥೆ 2020ರಲ್ಲಿ ಕಳಿಸಿದ ಮಾಲು ಮೆರವಣಿಗೆಯ ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಯಿತು, ಅಷ್ಟರಲ್ಲಿ ಇ-ವೇ ಬಿಲ್ ಅವಧಿ ಮುಗಿಯಿತು. ಗಾಡಿ ಹಿಡಿದು ದಂಡ ಹಾಕಿದರು. ಅವರು ಹೈಕೋರ್ಟಿಗೆ ಹೋಗಿ ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, 2022ರ ಜನವರಿಯಲ್ಲಿ ಅಲ್ಲೂ ಸೋತು, ಮೇಲೆ 59,000 ರೂಪಾಯಿ ಖರ್ಚು ಕೊಡುವಂತಾಯಿತು. ಓದಿದಾಗ ನನಗೇ ಗೆದ್ದಷ್ಟು ಖುಷಿ ಆಯಿತು. ಆದರೆ 240 ಪ್ಯಾಂಟಿಗೆ ಯಾರು ದೆಹಲಿವರೆಗೆ ಹೋಗುತ್ತಾರೆ?

ನಾನು ಕೇಳುವುದು ಇಷ್ಟೇ. ಹೊಸಪೇಟೆಗೆ ಇರುವ 50,000ದ ಮಿತಿ ರಾಯದುರ್ಗದ ಜಾಬ್ ವರ್ಕ್‌ಗೂ ಇರಲಿ. ದಾರಿಯಲ್ಲಿ ಗಾಡಿ ಕೆಟ್ಟರೆ, ಮಾಲು, ಬಿಲ್ಲು, ಚಲನ್ ಮೂರೂ ತಾಳೆಯಾಗುತ್ತಿದ್ದರೆ, ಹೊಸ ಗಾಡಿ ನಂಬರ್ ಹಾಕಲು ಒಂದೆರಡು ಗಂಟೆ ಕೊಡಿ. ಬಿಲ್ ಅವಧಿ ಮುಗಿದರೆ ಮುಂದುವರಿಸಲು ಎಂಟು ಗಂಟೆ ಕೊಡುತ್ತೀರಲ್ಲ, ಇದಕ್ಕೂ ಕೊಡಿ. ಕಾಂಪೊಸಿಷನ್‌ನವರಿಗೆ ವರ್ಷಕ್ಕೆ ಒಂದಿಷ್ಟು ಲಕ್ಷದವರೆಗೆ ಪಕ್ಕದ ರಾಜ್ಯಕ್ಕೆ ಮಾರಲು ಬಿಡಿ. ಇದರಿಂದ ಯಾವ ಖಜಾನೆಯೂ ಖಾಲಿಯಾಗಲ್ಲ.

ಅಲ್ಲಿವರೆಗೆ ನನ್ನ ಉಪಾಯ ನಾನು ಮಾಡಿಕೊಂಡಿದ್ದೇನೆ. ಹುಡುಗನಿಗೆ ಬೇರೆ ಲಾಗಿನ್ ಮಾಡಿಸಿದೆ. ಮುನ್ನೂರು ಪೀಸಿಗಿಂತ ಕಡಿಮೆ ಲಾಟ್ ಗಡಿ ದಾಟಿಸುವುದನ್ನೂ ಬಿಟ್ಟೆ, ಇಲ್ಲೇ ಹೊಲಿಸುತ್ತೇನೆ. ಮೊನ್ನೆ ರಾಯದುರ್ಗದ ಆಯಮ್ಮ ಫೋನ್ ಮಾಡಿದ್ದರು. "ನೂರು ಪೀಸಿದ್ರೂ ಕಳಿಸಪ್ಪ, ಮಷೀನು ಸುಮ್ನೆ ಕೂತಾವ" ಅಂದರು. ಮುಂದಿನ ವಾರ ನೋಡೋಣಮ್ಮ ಅಂದೆ. ಹೋದ ವಾರವೂ ಅದನ್ನೇ ಹೇಳಿದ್ದೆ.