ರೆಕ್ಕೆ ಬಡಿದದ್ದು ಯಾಕೆ?

ಶೇಕ್ಸ್‌ಪಿಯರ್ ಕಾಲದ ರಂಗದ ಮೇಲೆ ಏನೂ ಇರಲಿಲ್ಲ, ಎಲ್ಲವನ್ನೂ ಮಾತಲ್ಲೇ ಕಟ್ಟುತ್ತಿದ್ದರು ಅಂತ ಕ್ಲಾಸಿನಲ್ಲಿ ಇವತ್ತಿಗೂ ಹೇಳಿಕೊಡುತ್ತಾರೆ. ಅರ್ಧ ಸತ್ಯ. ಲಂಡನ್ನಿನ ರೋಸ್ ನಾಟಕಶಾಲೆಯ ಫಿಲಿಪ್ ಹೆನ್ಸ್‌ಲೋ 1598ರಲ್ಲಿ ಬರೆದಿಟ್ಟ ಸಾಮಾನಿನ ಪಟ್ಟಿ ನೋಡಿ: ನರಕದ ಬಾಯಿ ಒಂದು, ಮಾರ್ಲೋನ ನಾಟಕ ‘ಡಾಕ್ಟರ್ ಫಾಸ್ಟಸ್’ಗೆ ಡ್ರ್ಯಾಗನ್ ಒಂದು, ಅದೃಶ್ಯನಾಗಲು ನಿಲುವಂಗಿ ಒಂದು. ಆ ನಿಲುವಂಗಿಯಷ್ಟು ಅಗ್ಗದ ಮಾಯೆ ಇನ್ನೊಂದಿಲ್ಲ. ತೊಟ್ಟವನು ಕಣ್ಣೆದುರೇ ಓಡಾಡುತ್ತಾನೆ, ಕಾಣುತ್ತಿಲ್ಲ ಅಂದುಕೊಳ್ಳುವ ಕೆಲಸ ಪ್ರೇಕ್ಷಕರದು.

ಉಳಿದದ್ದಕ್ಕೆಲ್ಲ ಆಳು ಬೇಕು. ಗುಡುಗಿಗೆ ಹಲಗೆಯ ಮೇಲೆ ಫಿರಂಗಿ ಗುಂಡು ಉರುಳಿಸಬೇಕು, ನಗಾರಿ ಬಾರಿಸಬೇಕು. ಮಿಂಚಿಗೆ ರಾಳದ ಪುಡಿ. ಇಟಲಿಯ ವಾಸ್ತುಶಿಲ್ಪಿ ಸೆರ್ಲಿಯೊ 1545ರಲ್ಲೇ ಇಂಥದ್ದೊಂದು ವಿಧಾನ ಬರೆದಿದ್ದಾನೆ: ಡಬ್ಬಿಯಲ್ಲಿ ಪುಡಿ, ತೂತು ತೂತಿನ ಮುಚ್ಚಳ, ಅದರ ನಡುವೆ ಉರಿಯುವ ಮೇಣದಬತ್ತಿ. ಮೇಲಕ್ಕೆ ಕೊಡವಿದರೆ ಭಗ್ಗೆನ್ನುತ್ತದೆ. ಪುಡಿ ತರಿತರಿಯಾಗಿದ್ದರೆ, ತೇವ ಹಿಡಿದಿದ್ದರೆ, ಹೊತ್ತಿಕೊಳ್ಳದೆ ಸುಮ್ಮನೆ ಉದುರುತ್ತದೆ. ಯಕ್ಷಗಾನದಲ್ಲಿ ರಕ್ಕಸ ವೇಷದ ಪ್ರವೇಶಕ್ಕೆ ದೀವಟಿಗೆಗೆ ರಾಳ ಎರಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ತಕರಾರು ಬೇರೆ. ಈ ಗದ್ದಲವನ್ನು ಬರೀ ಅಲಂಕಾರ ಅಂದುಕೊಳ್ಳುತ್ತೇವೆ. ಅದು ಮರೆ ಕೂಡ ಹೌದು. ರಂಗದ ಮೇಲಿನಿಂದ ಕಿರುಗುಟ್ಟುತ್ತ ಇಳಿಯುವ ಸಿಂಹಾಸನವನ್ನು ಅದೇ ಕಾಲದ ನಾಟಕಕಾರ ಬೆನ್ ಜಾನ್ಸನ್ ಗೇಲಿ ಮಾಡಿದ್ದು ಸುಮ್ಮನೆ ಅಲ್ಲ. ರಾಟೆಯ ಸದ್ದು ಅಡಗಿಸಲು ಗುಡುಗೋ ಸಂಗೀತವೋ ಬೇಕೇ ಬೇಕು.

ಶೇಕ್ಸ್‌ಪಿಯರ್‌ನ ‘ಟೆಂಪೆಸ್ಟ್’ ನಾಟಕದ ಮೂರನೇ ಅಂಕದ ಔತಣ ತೆಗೆದುಕೊಳ್ಳಿ. 1623ರ ಫೋಲಿಯೊದ, ಅಂದರೆ ಅವನ ನಾಟಕಗಳ ಮೊದಲ ಸಂಗ್ರಹದ, ರಂಗಸೂಚನೆಯಲ್ಲಿ ಮೊದಲು ಗುಡುಗು ಮಿಂಚು, ಆಮೇಲೆ ಹೆಣ್ಣುಮುಖದ ಹಕ್ಕಿ ಹಾರ್ಪಿಯ ವೇಷದಲ್ಲಿ ಮಂತ್ರವಾದಿಯ ಆಳಾದ ಮಾಯಾಜೀವಿ ಏರಿಯಲ್, ಆಮೇಲೆ ಮೇಜಿನ ಮೇಲೆ ರೆಕ್ಕೆಯ ಬಡಿತ, ಕೊನೆಗೆ ಔತಣ ಮಾಯ. ಈ ಕ್ರಮವೇ ಕೀಲಿ. ರೆಕ್ಕೆ ಹರಡಿರುವಷ್ಟು ಹೊತ್ತು ಮೇಜು ಕಾಣುವುದಿಲ್ಲ. ಮೇಲ್ಹಲಗೆ ಮಗುಚುವಂತಿದ್ದು, ತಟ್ಟೆ ಬಟ್ಟಲು ಅದಕ್ಕೇ ಬಿಗಿದಿದ್ದರೆ, ಒಳಗೆ ಅಡಗಿದ ಹುಡುಗನೊಬ್ಬ ಅಷ್ಟರಲ್ಲಿ ತಿರುವಿಬಿಡಬಹುದು. ಒಂದು ಬಟ್ಟಲು ಸಡಿಲವಾಗಿದ್ದರೂ ಠಣ್ಣೆಂದು ಬಿದ್ದು ಪ್ರೇಕ್ಷಕರು ನಗುತ್ತಾರೆ. ಮರುಕ್ಷಣವೇ ಏರಿಯಲ್ ಉಣ್ಣಲು ಹೊರಟ ಮೂವರು ಪಾಪಿಗಳನ್ನು ಜರೆಯುವ ಉದ್ದನೆಯ ಮಾತು ಶುರುಮಾಡುತ್ತಾನೆ, ಕಣ್ಣು ಮೇಜಿನಿಂದ ಅವನ ಮುಖಕ್ಕೆ ಹೋಗುತ್ತದೆ. ಪದ್ಯದ ಜಾಗವನ್ನೂ ಯಂತ್ರ ನೋಡಿಯೇ ಗೊತ್ತುಮಾಡಿದಂತಿದೆ.

ಈ ದೃಶ್ಯದಲ್ಲಿ ದೀಪ ಆರಿಸಿ, ಕತ್ತಲಲ್ಲಿ ತಟ್ಟೆ ಎತ್ತಿಸುವ ಇಂದಿನ ನಿರ್ದೇಶಕರ ಮೇಲೆ ನನಗೆ ಸಿಟ್ಟು. ಶೇಕ್ಸ್‌ಪಿಯರ್ ತಂಡದ ಬಯಲು ನಾಟಕಶಾಲೆ ಗ್ಲೋಬ್‌ನಲ್ಲಿ ಹಗಲು ಬೆಳಕು, ಒಳಾಂಗಣ ನಾಟಕಶಾಲೆ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ಸಾಲು ಮೇಣದಬತ್ತಿ; ಎರಡನ್ನೂ ಚಿಟಿಕೆ ಹೊಡೆದು ಆರಿಸಲಾಗದು. ಅದಕ್ಕೇ ರೆಕ್ಕೆ ಬೇಕಾಯಿತು. ಕತ್ತಲು ಮಾಡಿದ ಮೇಲೆ ಏರಿಯಲ್‌ಗೆ ರೆಕ್ಕೆ ಕಟ್ಟಿದರೆಷ್ಟು, ಬಿಟ್ಟರೆಷ್ಟು?