ಬೂದು ಬೀದಿಯಲ್ಲೊಂದು ಹಸಿರು ಅರ್ಜಿ

ಅಮೆರಿಕದ ಕ್ಯಾರಿಯಲ್ಲಿ ನಾವು ಮನೆ ಕೊಂಡು ಎಂಟು ವರ್ಷವಾಯಿತು. ಹೊರಗೋಡೆ ಮಾಸಿತ್ತು, ತಿಳಿ ಎಲೆಹಸಿರು ಹೊಡೆಸೋಣ ಅಂದುಕೊಂಡೆವು. ನಾರ್ತ್ ಕೆರೊಲಿನಾದ ನಮ್ಮಂಥ ಬಡಾವಣೆಗಳಲ್ಲಿ ನಾವು ಅಂದುಕೊಂಡರೆ ಸಾಲದು. ಮನೆಮಾಲೀಕರ ಸಂಘಕ್ಕೆ, ಅಂದರೆ ಎಚ್‌ಒಎಗೆ, ಅರ್ಜಿ ಹಾಕಬೇಕು. ಗೋಡೆಗೆ ಯಾವ ನಂಬರಿನ ಬಣ್ಣ, ಅಂಚುಪಟ್ಟಿಗೆ ಯಾವುದು, ಬಾಗಿಲಿಗೆ ಯಾವುದು, ಎಲ್ಲ ಬರೆದುಕೊಟ್ಟೆ. ಮೂರು ವಾರ ಬಿಟ್ಟು ಉತ್ತರ ಬಂತು: ಹಸಿರು ಬೀದಿಗೆ ಹೊಂದುವುದಿಲ್ಲವಂತೆ.

ಅರಸೀಕೆರೆ ಕಡೆಯ ನಮ್ಮೂರಲ್ಲಿ ಯುಗಾದಿಗೆ ವಾರ ಇದೆ ಅನ್ನುವಾಗ ಅಪ್ಪ ಸುಣ್ಣದ ಕಲ್ಲು ತಂದು ಹಳೇ ಡ್ರಮ್ಮಿಗೆ ಸುರಿದು ನೀರು ಹೊಯ್ಯುತ್ತಿದ್ದರು. ಅದು ಕೊತಕೊತ ಕುದಿಯುತ್ತಿತ್ತು, ಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ. ಮಾರನೇ ದಿನ ಸೋಸಿ, ಒರಗಿದವರ ಬೆನ್ನಿಗೆ ಅಂಟದಿರಲಿ ಅಂತ ಒಂದಿಷ್ಟು ಗೋಂದು, ಬೆಳ್ಳಗೆ ಕಾಣಲಿ ಅಂತ ಚಿಟಿಕೆ ನೀಲಿ. ನೀಲಿ ಕೈಮೀರಿದ ವರ್ಷ ಮನೆಯೆಲ್ಲ ಆಕಾಶದ ಬಣ್ಣ. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಮುಂದಿನ ಯುಗಾದಿ ಇದ್ದೇ ಇತ್ತಲ್ಲ. ಬುಡಕ್ಕೆ ಎರಡಡಿ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದದ್ದು ಯಾಕೆ ಅಂತ ಬಹಳ ದಿನ ಗೊತ್ತಿರಲಿಲ್ಲ. ಸೂರಿನ ನೀರು ಬಿದ್ದು ಸಿಡಿಯುವ ಕೆಸರನ್ನು ಅದು ಮುಚ್ಚಿಕೊಳ್ಳುತ್ತದೆ.

ಈಗ ಊರಲ್ಲೂ ಸುಣ್ಣ ಹೋಯಿತು, ಎಮಲ್ಷನ್ ಬಂತು. ತಮ್ಮ ಹಾಸನದಲ್ಲಿ ಮನೆ ಕಟ್ಟಿಸಿದಾಗ ಪೇಂಟ್ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಶೇಡ್ ಕಾರ್ಡಿನ ಎರಡಿಂಚಿನ ಚೌಕ ನೋಡಿ ಗುಲಾಬಿ ಆರಿಸಿದ. ಬಿಸಿಲಿಗೆ ಬಂದ ಗೋಡೆ ಐಸ್‌ಕ್ಯಾಂಡಿ ಆಗಿ ನಿಂತಿತು. ಈ ವಿಷಯದಲ್ಲಿ ಇಲ್ಲಿನವರದೇ ಸರಿ. ಸಣ್ಣ ಡಬ್ಬಿ ತಂದು ಗೋಡೆಯ ಮೇಲೇ ಎರಡಡಿ ಬಳಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡುತ್ತಾರೆ. ಬಯಲ ಬೆಳಕಿನಲ್ಲಿ ಯಾವ ಬಣ್ಣವೂ ಕಾರ್ಡಿಗಿಂತ ತೆಳುವಾಗಿ, ಢಾಳಾಗಿ ಕಾಣುತ್ತದೆ. ಹಾಗಾಗಿ ಒಂದು ಮೆಟ್ಟಿಲು ಮಂಕಾದದ್ದನ್ನೇ ಆರಿಸಬೇಕು. ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ 0ಯಿಂದ 100ರವರೆಗಿನ ಅಂಕಿ ಇರುತ್ತದೆ, ಬಣ್ಣ ಎಷ್ಟು ಬೆಳಕು ಹಿಂದಕ್ಕೆ ಕಳಿಸುತ್ತದೆ ಅನ್ನುವ ಲೆಕ್ಕ. ಪಕ್ಕದ ಮನೆಯಂತೆ ಹೊರಗೋಡೆಗೆ ವಿನೈಲ್ ಅನ್ನುವ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಈ ಅಂಕಿ ನೋಡದೆ ಗತಿಯಿಲ್ಲ, ಮೊದಲಿಗಿಂತ ಕಡು ಬಣ್ಣ ಹೊಡೆದರೆ ಬಿಸಿಲು ಹೀರಿ ಸೊಟ್ಟಗಾಗಬಹುದು.

ಇಷ್ಟೆಲ್ಲ ಶಾಸ್ತ್ರ ಕಲಿತು ಕೊನೆಗೆ ಎಲ್ಲರೂ ಹೊಡೆಸುವುದು ಬೂದು. ಶರ್ವಿನ್ ವಿಲಿಯಮ್ಸ್ ಪೇಂಟ್ ಕಂಪನಿಯ ಹೆಸರುವಾಸಿ ಬೂದು ಬಣ್ಣಕ್ಕೆ ‘ಅಗ್ರೀಯಬಲ್ ಗ್ರೇ’ ಅಂತಲೇ ಹೆಸರು, ಯಾರ ತಂಟೆಗೂ ಹೋಗದ ಬಣ್ಣ. ಮೊದಲೆಲ್ಲ ಇದು ಇವರ ಅಭಿರುಚಿ ಅಂದುಕೊಂಡಿದ್ದೆ. ಈಗ ನನಗನಿಸುವುದು ಬೇರೆ. ಇಲ್ಲಿ ಮನೆ ಕೊಂಡ ದಿನದಿಂದಲೇ ಮಾರುವ ಯೋಚನೆ ಇರುತ್ತದೆ. ಬಣ್ಣ ಆರಿಸುವಾಗ ನಾವು ಇನ್ನೂ ಹುಟ್ಟದ ಗಿರಾಕಿಯ ಮುಖ ನೋಡುತ್ತೇವೆ. ನಮ್ಮೂರಲ್ಲಿ ಮನೆ ಮಾರುವ ಮಾತೆತ್ತಿದರೆ ಅಮ್ಮ ‘ಬಿಡ್ತು ಅನ್ನು’ ಅಂತಾಳೆ. ಐಸ್‌ಕ್ಯಾಂಡಿ ಗೋಡೆಯ ಬಗ್ಗೆ ತಮ್ಮನನ್ನು ಛೇಡಿಸಿದರೆ, ‘ಅದೇ ಒಳ್ಳೇದಾಯ್ತು ಕಣಣ್ಣ, ಪಿಂಕ್ ಮನೆ ಅಂದ್ರೆ ಸಾಕು, ಆಟೋದೋರು ಬಾಗಿಲಿಗೇ ತಂದು ಬಿಡ್ತಾರೆ’ ಅನ್ನುತ್ತಾನೆ. ನಮ್ಮ ಬೀದಿಯಲ್ಲಿ ಪಿಜ್ಜಾ ಹುಡುಗ ನಾಲ್ಕು ಮನೆ ಆಚೆ ಹೋಗಿ ಬೆಲ್ ಒತ್ತುತ್ತಾನೆ.

ನಾವೂ ಬೂದು ಬಣ್ಣಕ್ಕೇ ಬಂದೆವು. ವಿಡಿಯೋ ಕಾಲಲ್ಲಿ ತೋರಿಸಿದರೆ ಅಪ್ಪ ಕೇಳಿದ್ದು, ‘ಪ್ರೈಮರ್ ಚೆನ್ನಾಗಿ ಬಂದಿದೆ, ಬಣ್ಣ ಯಾವತ್ತು?’

ಮಾರ್ಚ್ ಕೊನೆಗೆ ಇಲ್ಲಿನ ಪೈನ್ ಮರಗಳು ಪರಾಗ ಉದುರಿಸುತ್ತವೆ. ಕಾರು, ಮೆಟ್ಟಿಲು, ಗೋಡೆ, ಅಂಚೆಪೆಟ್ಟಿಗೆ, ಇಡೀ ಬೀದಿಗೆ ಅರಿಶಿನ ಬಳಿದಂತಾಗುತ್ತದೆ, ಹೆಚ್ಚುಕಮ್ಮಿ ಯುಗಾದಿಯ ಹೊತ್ತಿಗೇ. ಎರಡು ಮೂರು ವಾರ ಹಾಗೇ ಇರುತ್ತದೆ. ಆಮೇಲೆ ಗೋಡೆ ತೊಳೆಸಿ ಅಂತ ಸಂಘದ ಕಾಗದ ಬರುತ್ತದೆ.